ಜೂನ್ ಒಂದರ ಮಕ್ಕಳು

ಆ ಬಾಲಗೃಹಕ್ಕೆ ವರ್ಷದಲ್ಲಿ ಒಂದೇ ಒಂದು ದೊಡ್ಡ ಕೇಕು ಬರುತ್ತಿತ್ತು, ಜೂನ್ ಒಂದಕ್ಕೆ. ಅಲ್ಲಿದ್ದ ಹುಡುಗಿಯರಲ್ಲಿ ಹೆಚ್ಚಿನವರು ಅಂದೇ ಹುಟ್ಟಿದವರು. ಕಾನ್ವೆಂಟಿನಲ್ಲಿ ಓದಿದವರಿಗೆ ಇದು ವಿಚಿತ್ರ ಅನ್ನಿಸಬಹುದು, ನಮ್ಮಂಥವರಿಗೆ ಅನ್ನಿಸುವುದಿಲ್ಲ. ಧಾರವಾಡದ ಹತ್ತಿರದ ನಮ್ಮ ಹಳ್ಳಿಯ ಶಾಲೆಯಲ್ಲಿ ನನ್ನ ತರಗತಿಯ ಅರ್ಧಕ್ಕರ್ಧ ಜೂನ್ ಒಂದರ ಮಕ್ಕಳೇ. ಹೆಸರು ಹಚ್ಚಲು ಹೋದಾಗ ಮಾಸ್ತರು, "ಕೂಸು ಹುಟ್ಟಿದ್ದು ಯಾವಾಗವಾ?" ಎಂದು ಕೇಳಿದ್ದಕ್ಕೆ ನಮ್ಮವ್ವ, "ಎಳ್ಳಮಾಸಿ ಮುಂದ ರೀ, ಭಾಳ ಥಂಡಿ ಇತ್ತು" ಅಂದಳಂತೆ. ಮಾಸ್ತರು ತಲೆಯಾಡಿಸಿ ಜೂನ್ ಒಂದು ಎಂದು ಬರೆದುಕೊಂಡರು. ಶಾಲೆ ಶುರುವಾಗುವ ಕಾಲ, ಲೆಕ್ಕಕ್ಕೆ ಸಲೀಸು. ಆ ಸುಳ್ಳು ನನಗೆ ಯಾವ ತೊಂದರೆಯನ್ನೂ ಕೊಡಲಿಲ್ಲ. ಇವತ್ತಿಗೂ ಜೂನ್ ಒಂದರಂದು ಬ್ಯಾಂಕಿನವರು ಫೋನಿಗೆ ಶುಭಾಶಯ ಕಳಿಸುತ್ತಾರೆ, ನಾನು ಅಳಿಸಿ ಹಾಕುತ್ತೇನೆ.

ಅದೇ ಜೂನ್ ಒಂದು ಇನ್ನೊಬ್ಬಳ ಕುತ್ತಿಗೆಗೆ ಬಂತು. ಅದನ್ನು ಬರೆಯಬೇಕು ಅಂತ ಕೂತಿದ್ದೇನೆ, ಸಿಟ್ಟು ಇನ್ನೂ ಇಳಿದಿಲ್ಲ.

ಮುಂಬೈನ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟೊಂದರ ಮಾಳಿಗೆಯಲ್ಲಿ ನಮ್ಮ ಸಂಸ್ಥೆಯ ಒಂದೂವರೆ ಕೋಣೆಯ ಆಫೀಸಿದೆ. ಬಾಲಗೃಹಗಳಲ್ಲಿರುವ ಮಕ್ಕಳ ವಿಚಾರ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದಾಗ ಅವರ ಪರವಾಗಿ ಅರ್ಜಿ ಬರೆಯುವುದು, ಅವರ ಪಕ್ಕದಲ್ಲಿ ನಿಲ್ಲುವುದು ನಮ್ಮ ಕೆಲಸ. ನಾನು ವಕೀಲೆಯಲ್ಲ. ಆದರೆ ಬಾಯಿ ಜೋರು, ಆ ಕೋಣೆಯಲ್ಲಿ ಅದೂ ಬೇಕಾಗುತ್ತದೆ. ಈ ಬಾಲಗೃಹ ಇದ್ದದ್ದು ವಿಕ್ರೋಳಿಯ ಆಚೆ, ಹೆದ್ದಾರಿಯ ಪಕ್ಕಕ್ಕೆ. ದಹಿಸರ್‌ನ ನನ್ನ ಮನೆಯಿಂದ ದಾದರ್‌ಗೆ ಬಂದು ಲೋಕಲ್ ರೈಲಿನ ಲೈನ್ ಬದಲಿಸಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಉಟ್ಟ ಸೀರೆ ಮುದ್ದೆಯಾಗಿರುತ್ತಿತ್ತು. ಆದರೂ ಆ ಗೃಹಕ್ಕೆ ಹೋಗುವುದೆಂದರೆ ನನಗೆ ಖುಷಿ, ಯಾಕೆಂದರೆ ಅಲ್ಲಿನ ಸೂಪರಿಂಟೆಂಡೆಂಟ್ ವಿಜಯಪುರ ಕಡೆಯ ಹೆಂಗಸು. ನನ್ನನ್ನು ತಂಗಿ ಎನ್ನುತ್ತಿದ್ದರು, ನಾನು ಅಕ್ಕಾರ ಎನ್ನುತ್ತಿದ್ದೆ. ಚಹಾದ ಜೊತೆ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಕೊಡುತ್ತಿದ್ದರು. ಹುಟ್ಟಿದ ದಿನ ಗೊತ್ತಿಲ್ಲದೆ ಬಂದ ಪ್ರತಿ ಹುಡುಗಿಗೂ ಜೂನ್ ಒಂದನ್ನು ಕೊಟ್ಟವರೂ ಅವರೇ. ಅವರೂ ಜೂನ್ ಒಂದರವರೇ ಆಗಿದ್ದರು.

ಇಬ್ಬರು ಅಕ್ಕತಂಗಿಯರು ಆ ಗೃಹಕ್ಕೆ ಬಂದಾಗ ದೊಡ್ಡವಳ ಸೊಂಟದ ಮೇಲೆ ಸಣ್ಣವಳಿದ್ದಳು. ಬರ್ಮಾ ದೇಶದವರು. ಊರು ಸುಟ್ಟು, ತಂದೆ ಎಲ್ಲಿ ಹೋದನೋ ತಿಳಿಯದೆ, ಗಡಿಯಾಚೆಯ ಶಿಬಿರದಲ್ಲಿ ತಾಯಿಯೂ ತೀರಿಕೊಂಡು, ಕೊನೆಗೆ ಯಾವನೋ ದೂರದ ಮಾವ ರೈಲು ಹತ್ತಿಸಿ ಕರೆತಂದಿದ್ದ. ಕುರ್ಲಾ ಟರ್ಮಿನಸ್ಸಿನಲ್ಲಿ ನೀರು ತರುತ್ತೇನೆಂದು ಹೋದವನು ಮರಳಲಿಲ್ಲ. ರೈಲ್ವೆ ಪೊಲೀಸರು ಮಕ್ಕಳನ್ನು ಸಮಿತಿಯ ಮುಂದೆ ತಂದರು, ಸಮಿತಿ ಅಕ್ಕಾರ ಕೈಗೆ ಕೊಟ್ಟಿತು. ಆಗ ದೊಡ್ಡವಳಿಗೆ ಹದಿಮೂರರ ಆಸುಪಾಸು, ಸಣ್ಣವಳಿಗೆ ಎರಡು ದಾಟಿತ್ತೋ ಇಲ್ಲವೋ. ದೊಡ್ಡವಳು ಕೆಲವೇ ತಿಂಗಳಲ್ಲಿ ಹಿಂದಿ ಕಲಿತಳು. ತಂಗಿಯ ತಲೆ ಬಾಚುವುದು, ಉಣ್ಣಿಸುವುದು, ಬೈಯುವುದು ಎಲ್ಲ ಅವಳದೇ. ಸಿಬ್ಬಂದಿ ಆ ಮಗುವನ್ನು ಮುಟ್ಟಲು ಹೋದರೆ ಮೊದಲು ಅವಳ ಮುಖ ನೋಡಬೇಕಾಗಿತ್ತು.

ಅವಳಿಗೆ ಓದುವ ಹುಚ್ಚು. ಗೃಹದ ಗೇಟಿನ ಎದುರಿಗೇ ಹೈಸ್ಕೂಲಿತ್ತು, ಎಂಟರಿಂದ ಹತ್ತರವರೆಗೆ. ಅವಳ ವಯಸ್ಸಿಗೆ ತಕ್ಕ ಏಳನೆಯ ತರಗತಿಯಿದ್ದ ಶಾಲೆ ಹೆದ್ದಾರಿಯ ಆ ಬದಿ. ದಿನಾ ದಾಟಿಸಿಕೊಂಡು ಹೋಗಲು ಗೃಹದಲ್ಲಿ ಜನರಿರಲಿಲ್ಲ. ಹೈಸ್ಕೂಲಿನಲ್ಲಿ ಜಾಗ ಖಾಲಿಯಿದ್ದದ್ದು ಒಂಬತ್ತರಲ್ಲಿ ಮಾತ್ರ. ಅಕ್ಕಾರು ಹುಡುಗಿಯ ಎತ್ತರ ನೋಡಿದರು, ಶಾಲೆಯ ಗೇಟು ನೋಡಿದರು, ಎರಡು ವರ್ಷ ಏರಿಸಿ ಜೂನ್ ಒಂದು ಎಂದು ಬರೆದು ಸೇರಿಸಿಬಿಟ್ಟರು. ಸರ್ಕಾರಿ ನೌಕರಿಯ ಆಸೆಗೆ ವಯಸ್ಸು ಇಳಿಸುವುದು ನಮ್ಮ ಜನಕ್ಕೆ ಗೊತ್ತು, ಓದಿಸುವ ಆಸೆಗೆ ಏರಿಸಿದವರನ್ನು ನಾನು ಕಂಡಿದ್ದು ಅವರೊಬ್ಬರನ್ನೇ. ಹುಡುಗಿ ಮೊದಲ ವರ್ಷ ಕುಂಟುತ್ತಾ ಕಲಿತಳು, ಆಮೇಲೆ ಪಾಸಾಗುತ್ತಾ ಹೋದಳು. ನಮ್ಮೆಲ್ಲರಿಗೂ ಹೆಮ್ಮೆಯಾಗಿತ್ತು.

ಮೂರನೆಯ ವರ್ಷ, ಏಪ್ರಿಲ್‌ನಲ್ಲಿ, ಸಮಿತಿಯಿಂದ ಎಂದಿನ ಪತ್ರ ಬಂತು: ಈ ವರ್ಷ ಹದಿನೆಂಟು ತುಂಬುವವರು ಯಾರು ಯಾರು, ತಿಳಿಸಿ. ಅಕ್ಕಾರು ದಾಖಲೆ ನೋಡುತ್ತಾ ಹೋದರು, ದೊಡ್ಡವಳ ಹೆಸರು ಬಂದಾಗ ಕೈ ನಿಂತಿತು. ಕೂಡಲೇ ನನಗೆ ಫೋನ್ ಮಾಡಿದರು.

"ತಂಗಿ, ಒಂದ್ ಭಾಳ ದೊಡ್ಡ ಪೇಚಾಟ ಆಗೇತಿ. ನೀ ಇವತ್ತ ಬಾ."

ನಮ್ಮ ದೇಶದಲ್ಲಿ ಆಶ್ರಯ ಬೇಡಿ ಬಂದವರಿಗೆಂದೇ ಒಂದು ಕಾನೂನಿಲ್ಲ. ಮಗುವಾಗಿದ್ದರೆ ಮಗು ಎಂಬ ಕಾರಣಕ್ಕೆ ಮಕ್ಕಳ ಕಾನೂನು ಕಾಯುತ್ತದೆ. ಯಾವ ದೇಶದ್ದು ಎಂದು ಅದು ಕೇಳುವುದಿಲ್ಲ. ಹದಿನೆಂಟು ತುಂಬಿದ ಬೆಳಿಗ್ಗೆ ಅದೇ ಮಗು ಪರವಾನಗಿ ಇಲ್ಲದೆ ದೇಶದೊಳಗೆ ಬಂದ ವಿದೇಶಿಯಾಗುತ್ತದೆ. ಉಳಿದ ಹುಡುಗಿಯರು ಹದಿನೆಂಟಾದರೆ ಕೆಲಸ ಕಲಿಸುವ ಹಾಸ್ಟೆಲ್ಲಿಗೆ ಹೋಗುತ್ತಾರೆ. ಇವಳು ಹೋಗಬೇಕಾದ್ದು ಪೊಲೀಸರ ಕೈಗೆ, ಅವರು ಕೂಡಿಹಾಕುವ ಜಾಗಕ್ಕೆ, ಅಲ್ಲಿಂದ ಎಲ್ಲಿಗೋ ದೇವರಿಗೇ ಗೊತ್ತು. ಸಣ್ಣವಳು ಇನ್ನೂ ಮಗು, ಅವಳು ಇಲ್ಲೇ ಉಳಿಯುತ್ತಾಳೆ. ಅಂದರೆ ನಿಜಕ್ಕೂ ಹದಿನಾರರ ಹುಡುಗಿಯೊಬ್ಬಳು, ಹೈಸ್ಕೂಲಿನ ಗೇಟು ಹತ್ತಿರ ಇತ್ತೆಂಬ ಕಾರಣಕ್ಕೆ, ತಂಗಿಯನ್ನು ಬಿಟ್ಟು ಲಾಕಪ್ಪಿನ ದಾರಿ ಹಿಡಿಯಬೇಕು.

ದೆಹಲಿಯಲ್ಲಿ ನಿರಾಶ್ರಿತರ ಅರ್ಜಿ ನೋಡುವ ಕಚೇರಿಯೊಂದಿದೆ. ಅವರು ವಿಚಾರಣೆ ಮಾಡಿ ಒಂದು ಕಾರ್ಡು ಕೊಡುತ್ತಾರೆ. ಕಾರ್ಡಿಗೆ ಕಾನೂನಿನ ಬಲ ಅಷ್ಟೇನೂ ಇಲ್ಲ, ಆದರೆ ಅದು ಕೈಯಲ್ಲಿದ್ದರೆ ಪೊಲೀಸರೂ ಎರಡು ಸಲ ಯೋಚಿಸುತ್ತಾರೆ. ಅಕ್ಕತಂಗಿಯರ ಅರ್ಜಿಯನ್ನು ನಾವು ಹಿಂದೆಯೇ ಹಾಕಿದ್ದೆವು, ಸರದಿ ಬಂದಿರಲಿಲ್ಲ. ನಮಗೆ ಬೇಕಾದ್ದು ಕಾಲ. ಅವಳ ನಿಜವಾದ ವಯಸ್ಸು ದಾಖಲೆಗೆ ಬಂದರೆ ಎರಡು ವರ್ಷಕ್ಕಿಂತ ಹೆಚ್ಚು ಸಿಗುತ್ತಿತ್ತು.

ನಾನು ವಯಸ್ಸಿನ ಮರುಪರಿಶೀಲನೆ ಕೇಳಿ ಅರ್ಜಿ ಬರೆದೆ, ಹುಡುಗಿಯನ್ನು ಕರೆದುಕೊಂಡು ಸಮಿತಿಯ ಮುಂದೆ ನಿಂತೆ. ಅಧ್ಯಕ್ಷರು ನಿವೃತ್ತ ಮನುಷ್ಯ, ಕೆಟ್ಟವರಲ್ಲ. ಮಕ್ಕಳು ಒಳಗೆ ಬಂದರೆ ಮೊದಲು ಊಟ ಆಯಿತಾ ಎಂದು ಕೇಳುವವರು. ಅವತ್ತೂ ಕೇಳಿದರು. ಆಮೇಲೆ ಫೈಲು ತಿರುವಿ ಶಾಲೆಯ ಪ್ರಮಾಣಪತ್ರದ ಮೇಲೆ ಬೆರಳಿಟ್ಟರು.

"ರೆಕಾರ್ಡ್ ಹೈ ನಾ, ಮೇಡಮ್?"

"ಸರ್, ಅದು ಅಂದಾಜಿನ ತಾರೀಖು. ಮೂಳೆ ಪರೀಕ್ಷೆಗೆ ಆದೇಶ ಕೊಡಿ."

ಅವರು ಕಾನೂನಿನ ಪುಸ್ತಕ ನನ್ನ ಕಡೆ ತಿರುಗಿಸಿದರು. ನನಗೆ ಗೊತ್ತಿಲ್ಲದ್ದೇನಲ್ಲ. ವಯಸ್ಸು ನಿರ್ಧರಿಸಲು ಮೊದಲು ನೋಡಬೇಕಾದ್ದು ಶಾಲೆಯ ದಾಖಲೆ. ಅದಿಲ್ಲದಿದ್ದರೆ ಪಾಲಿಕೆಯ ಅಥವಾ ಪಂಚಾಯತಿಯ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯರ ಪರೀಕ್ಷೆ. ಶಾಲೆಯ ಕಾಗದವಿದ್ದಾಗ ಮೂಳೆಯನ್ನು ಕೇಳುವಂತಿಲ್ಲ. ಶಾಲೆಗೆ ಹೋಗದೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಕೂತಿದ್ದರೆ ಅವಳಿಗೆ ಪರೀಕ್ಷೆಯ ಹಕ್ಕಿರುತ್ತಿತ್ತು, ಓದಿದ್ದರಿಂದ ಹೋಯಿತು.

ಅಧ್ಯಕ್ಷರು ಹುಡುಗಿಯನ್ನೇ ಕೇಳಿದರು, "ಬೇಟಾ, ನೀನು ಹುಟ್ಟಿದ್ದು ಯಾವಾಗ?"

ಅವಳು ಹಿಂದಿಯಲ್ಲಿ, ತಡೆಯದೆ ಹೇಳಿದಳು: "ಚಳಿಗಾಲದಲ್ಲಿ, ಸರ್. ಭತ್ತ ಕೊಯ್ದಾದ ಮೇಲೆ. ರಾತ್ರಿ ತುಂಬಾ ಚಳಿ ಇತ್ತು, ಅಜ್ಜಿ ಬೆಂಕಿ ಹಾಕಿದ್ದಳು ಅಂತ ಅಮ್ಮ ಹೇಳುತ್ತಿದ್ದಳು."

"ಯಾವ ಇಸವಿ?"

ಅದು ಅವಳಿಗೆ ಗೊತ್ತಿರಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ಶಾಲೆಯ ದಾಖಲೆ ತಪ್ಪು ಎಂದು, ಅದನ್ನು ಬರೆಸಿದವರೇ ಪ್ರಮಾಣ ಮಾಡಿ ಹೇಳಿದರೆ ಆಗ ನೋಡೋಣ ಎಂದರು. ಅಷ್ಟರಮಟ್ಟಿಗೆ ಬಾಗಿಲು ತೆರೆದಿಟ್ಟರು ಎನ್ನಬೇಕು. ಆದರೆ ಆ ಬಾಗಿಲ ನಡುವೆ ನಿಂತಿದ್ದವರು ನಮ್ಮ ಅಕ್ಕಾರು.

ಗೃಹಕ್ಕೆ ಮರಳಿ ಅಕ್ಕಾರಿಗೆ ವಿಷಯ ಹೇಳಿದೆ.

"ಅಲ್ಲ ತಂಗಿ, ನಾ ಸುಳ್ಳ ಬರದೇನಿ ಅಂತ ನಾನ ಸಹಿ ಮಾಡ್ಲೇನು? ನನ್ನ ಕೈಗೆ ಬೇಡಿ ಬೀಳ್ತಾವಲ್ಲ!"

"ಬೇಡಿ ಗೀಡಿ ಏನೂ ಇಲ್ರೀ ಅಕ್ಕಾರ. ಗೊತ್ತಿರ್ಲಿಲ್ಲ, ಅಂದಾಜಿನ ಮ್ಯಾಲೆ ಬರಸಿದೆ ಅಂತ ಬರೀರಿ."

"ಅಂದಾಜು ಅಲ್ಲವಾ ಅದು. ಆಕಿ ಸಣ್ಣಾಕಿ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಏರಿಸೇನಿ." ಸೆರಗಿನಿಂದ ಮುಖ ಒರೆಸಿಕೊಂಡರು. "ನಂದೊಂದ ಆದ್ರ ಹಾಳಾಗಿ ಹೋಗ್ಲಿ ಅಂತಿದ್ದೆ. ಉಳದ ಹುಡುಗ್ಯಾರು? ಎಲ್ಲಾರ್ದೂ ಜೂನ್ ಒಂದ. ಒಂದ ಎಳೆ ಜಗ್ಗಿದ್ರ ಪೂರಾ ಸ್ವೆಟರ ಬಿಚ್ಚತೈತಿ. ಆಧಾರ ಕಾರ್ಡ, ಸಾಲಿ, ಪರೀಕ್ಷಾ, ಎಲ್ಲಾ ತಗದು ನೋಡ್ತಾರ. ಅವರಿಗೇನ ಗತಿ?"

ಅವರು ಹೇಳಿದ್ದು ಸರಿಯೇ ಇತ್ತು. ಆ ಗೃಹದಲ್ಲಿ ಊರು ಗೊತ್ತಿಲ್ಲದ, ತಂದೆಯ ಹೆಸರು ಗೊತ್ತಿಲ್ಲದ ಎಷ್ಟೋ ಹುಡುಗಿಯರು ಆ ಒಂದು ತಾರೀಖಿನ ಮೇಲೆ ನಿಂತಿದ್ದರು. ಒಬ್ಬಳನ್ನು ಉಳಿಸಲು ಹೋಗಿ ಅಷ್ಟೂ ಜನರ ಕಾಲ ಕೆಳಗಿನ ನೆಲ ಅಲುಗಾಡಿಸಿದರೆ? ದಾದರ್‌ನಲ್ಲಿ ಲೋಕಲ್ ಬದಲಿಸುವಾಗಲೂ ಇದೇ ಯೋಚನೆ. ಜನ ತಳ್ಳಿದ ಕಡೆ ಹೋಗಿ ಬೇರೆ ಪ್ಲಾಟ್‌ಫಾರ್ಮಿಗೆ ಇಳಿದಿದ್ದೆ. ನಮ್ಮ ಆಫೀಸಿನ ಹಿರಿಯರು, ಈ ಪ್ರಕರಣ ಬಿಟ್ಟುಬಿಡು, ದೆಹಲಿಗೆ ಇನ್ನೊಂದು ನೆನಪೋಲೆ ಬರೆದು ಸುಮ್ಮನಿರು ಎಂದರು. ಅವರು ಹೇಳಿದ್ದರಲ್ಲೂ ತಪ್ಪಿರಲಿಲ್ಲ.

ಬಿಡಲು ಆಗಲಿಲ್ಲ. ಮರುದಿನ, ಅಕ್ಕಾರು ಸಹಿ ಮಾಡಬೇಕಾದ ಅಫಿಡವಿಟ್ಟಿನ ಕರಡನ್ನು ನಾನೇ ಬರೆದೆ. ಜೂನ್ ಒಂದು ಎನ್ನುವ ಪದ್ಧತಿಯ ಮಾತೇ ಅದರಲ್ಲಿ ಬರದಂತೆ ನೋಡಿಕೊಂಡೆ. ಈ ಒಬ್ಬ ಹುಡುಗಿಯ ವಯಸ್ಸನ್ನು, ಶಾಲೆ ಹತ್ತಿರವಿದ್ದ ಕಾರಣಕ್ಕೆ, ಸೂಪರಿಂಟೆಂಡೆಂಟ್ ತಮ್ಮ ಜವಾಬ್ದಾರಿಯ ಮೇಲೆ ಏರಿಸಿದರು. ತಾರೀಖಿಗೆ ಬೇರೆ ಆಧಾರವಿಲ್ಲ, ಇಷ್ಟೇ. ಏಟು ಬಿದ್ದರೆ ಅಕ್ಕಾರ ಮೇಲೆ ಮಾತ್ರ ಬೀಳಬೇಕು, ಉಳಿದ ಮಕ್ಕಳಿಗೆ ತಗಲಬಾರದು. ಹಾಗೆ ಬರೆಯುವಾಗ ನನಗೆ ನನ್ನ ಮೇಲೇ ಅಸಹ್ಯವಾಯಿತು. ಅನ್ನ ಹಾಕಿದ ಕೈಗೇ ಹಗ್ಗ ಹೊಸೆಯುತ್ತಿದ್ದೆ.

ಅಕ್ಕಾರು ಅದನ್ನು ಓದಿದರು. ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಅಲ್ಲಿ ದೊಡ್ಡವಳು ತಂಗಿಯನ್ನು ಬಕೆಟ್ಟಿನ ಮುಂದೆ ಕೂರಿಸಿಕೊಂಡು ತಲೆಗೆ ನೀರು ಹಾಕುತ್ತಿದ್ದಳು, ಸಣ್ಣವಳು ಕಣ್ಣಿಗೆ ಸೋಪು ಹೋಯಿತೆಂದು ಗೋಳೋ ಎನ್ನುತ್ತಿದ್ದಳು.

"ಎಲ್ಲಿ ಮಾಡ್ಲಿ?" ಎಂದರು ಅಕ್ಕಾರು, ಪೆನ್ನು ಹಿಡಿದು.

ತೋರಿಸಿದೆ. ಸಹಿ ಮಾಡಿದರು. ಆಮೇಲೆ, "ನೀ ಭಾಳ ಕೆಟ್ಟಾಕಿ ಅದೀ ನೋಡು" ಎಂದು ನಕ್ಕರು. ರೊಟ್ಟಿ ತಿನ್ನದೆ ಹೋಗಬೇಡ ಎಂದೂ ಹೇಳಿದರು.

ಸಮಿತಿ ಮೂಳೆ ಪರೀಕ್ಷೆಗೆ ಆದೇಶ ಕೊಟ್ಟಿತು. ವರದಿ ಬರುವವರೆಗೆ ಹುಡುಗಿ ಗೃಹದಲ್ಲೇ ಇರಲಿ ಎಂದಿತು. ಆ ಸಲದ ಜೂನ್ ಒಂದರ ಕೇಕನ್ನು ಅವಳು ತಿನ್ನಲಿಲ್ಲ. ಅವಳ ಪಾಲಿನ ತುಂಡನ್ನೂ ಸಣ್ಣವಳೇ ತಿಂದಳು, ಮೂಗಿಗೆಲ್ಲ ಕ್ರೀಮು ಮೆತ್ತಿಕೊಂಡು.

ಸರ್ಕಾರಿ ಆಸ್ಪತ್ರೆಯಲ್ಲಿ ದಿನ ಸಿಗುವುದೇ ಕಷ್ಟ. ಒಂದು ಸಲ ಎಕ್ಸ್‌ರೇ ಮಶೀನು ಕೆಟ್ಟಿತ್ತು, ಇನ್ನೊಂದು ಸಲ ಜೊತೆಗೆ ಬರಬೇಕಾದ ಮಹಿಳಾ ಕಾನ್ಸ್‌ಟೇಬಲ್ಲಿಗೆ ಬಂದೋಬಸ್ತಿನ ಡ್ಯೂಟಿ ಬಿತ್ತು. ಕೊನೆಗೂ ಹೋದೆವು. ಮೊದಲು ಹಲ್ಲು ನೋಡಿದರು, ಹಿಂದಿನ ಬುದ್ಧಿಹಲ್ಲು ಬಂದಿದೆಯೇ ಎಂದು. ಆಮೇಲೆ ಮಣಿಕಟ್ಟು, ಮೊಣಕೈ, ಭುಜ, ಸೊಂಟ, ಒಂದೊಂದರದೂ ಎಕ್ಸ್‌ರೇ. ಬೆಳೆಯುವ ಮೂಳೆಯ ತುದಿಗಳು ಕೂಡಿಕೊಂಡಿವೆಯೇ, ನಡುವೆ ಗೆರೆ ಉಳಿದಿದೆಯೇ ಎಂದು ಅದರಲ್ಲಿ ನೋಡುತ್ತಾರೆ. ಸೊಂಟದ ಎಕ್ಸ್‌ರೇಗೆ ಮಲಗಿಸಿದಾಗ ಅವಳು ನನ್ನ ಕೈ ಬಿಡಲೇ ಇಲ್ಲ. ಟೆಕ್ನಿಷಿಯನ್ ಹೊರಗೆ ಹೋಗಿ ಎಂದು ನನಗೆ ಎರಡು ಸಲ ಹೇಳಿದ, ಮೂರನೆಯ ಸಲ ಗದರಿಸಿದ.

ಹೊರಗೆ ಬೆಂಚಿನ ಮೇಲೆ ಕೂತು ವಡಾಪಾವ್ ತಿನ್ನುವಾಗ ಕೇಳಿದಳು:

"ದೀದಿ, ನಾನು ಹುಟ್ಟಿದ್ದು ಯಾವಾಗ ಅಂತ ಮೂಳೆಗೆ ಗೊತ್ತಿರುತ್ತಾ?"

"ಸ್ವಲ್ಪ ಸ್ವಲ್ಪ ಗೊತ್ತಿರುತ್ತೆ."

"ನನಗೆ ಗೊತ್ತಿದೆಯಲ್ಲ, ನನ್ನನ್ನು ಕೇಳಿದರೆ ಆಗಲ್ವಾ?"

ಖಾರ ಜಾಸ್ತಿಯಾಯಿತೇ ಎಂದು ಮಾತು ತಿರುಗಿಸಿದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಸುಸ್ತಾಗಿದ್ದರು. ನನ್ನನ್ನು ಕೂರಿಸಿಕೊಂಡು ಪ್ರಾಮಾಣಿಕವಾಗಿಯೇ ಹೇಳಿದರು: ಇದು ಗಡಿಯಾರವಲ್ಲ. ಒಬ್ಬೊಬ್ಬರ ಮೂಳೆ ಒಂದೊಂದು ವೇಗದಲ್ಲಿ ಬಲಿಯುತ್ತದೆ, ಒಂದೆರಡು ವರ್ಷ ಹಿಂದೆಮುಂದೆ ಆಗುತ್ತದೆ. ನಾನು ಇಂತಿಷ್ಟರಿಂದ ಇಂತಿಷ್ಟು ಎಂದಷ್ಟೇ ಬರೆಯಬಲ್ಲೆ. ವರದಿ ಬಂತು. ಹದಿನೇಳರಿಂದ ಹತ್ತೊಂಬತ್ತು.

ಹದಿನಾರು ಅದರೊಳಗೆ ಇರಲೇ ಇಲ್ಲ. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಜೋರಾಗಿ ಬೈದೆ, ಯಾರನ್ನು ಎಂದು ನನಗೂ ಗೊತ್ತಿಲ್ಲ. ಬೀಡಿ ಸೇದುತ್ತಿದ್ದ ಮುದುಕನೊಬ್ಬ ಎದ್ದು ಪಕ್ಕಕ್ಕೆ ಹೋದ.

ಸಮಿತಿಯ ಮುಂದೆ ನಾನು ವಾದ ಮಾಡಿದ್ದು ಒಂದೇ: ಅನುಮಾನವಿದ್ದಲ್ಲಿ ಅದರ ಲಾಭ ಮಗುವಿಗೆ ಸಿಗಬೇಕು. ಅಧ್ಯಕ್ಷರು ಒಪ್ಪಿದರು. ಕೆಳಗಿನ ಅಂಕಿ ಹಿಡಿಯೋಣ, ಹದಿನೇಳು ಎಂದರು. ಒಬ್ಬ ಸದಸ್ಯೆ ನನ್ನ ಕಡೆ ನೋಡಿ ಮುಗುಳ್ನಕ್ಕರು. ಹುಡುಗಿ ಮಗು ಎಂದು ಆದೇಶವಾಯಿತು. ಗೆದ್ದೆವು ಅಂದುಕೊಂಡೆ. ಆಗ ಗುಮಾಸ್ತ ಕಂಪ್ಯೂಟರಿನಿಂದ ತಲೆ ಎತ್ತಿ, "ಸರ್, ತಾರೀಖು ಯಾವುದು ಹಾಕಲಿ?" ಎಂದ.

"ಜೂನ್ ಒಂದು ಇದೆಯಲ್ಲ, ಇರಲಿ. ಇಸವಿ ಮಾತ್ರ ಬದಲಾಯಿಸು."

ನಾನು ಎದ್ದು ನಿಂತೆ. "ಸರ್, ಅವಳೇ ಹೇಳಿದ್ದಾಳೆ, ಚಳಿಗಾಲದಲ್ಲಿ ಹುಟ್ಟಿದ್ದು ಅಂತ. ಡಿಸೆಂಬರ್ ಹಾಕಿ. ಅದೇ ಇಸವಿಯ ಡಿಸೆಂಬರ್. ಅವಳಿಗೆ ಅಷ್ಟು ತಿಂಗಳು ಜಾಸ್ತಿ ಸಿಗುತ್ತೆ."

"ಅದಕ್ಕೆ ಪ್ರೂಫ್ ಏನಿದೆ, ಮೇಡಮ್?"

"ಜೂನ್ ಒಂದಕ್ಕೆ ಏನಿದೆ, ಸರ್? ಅದು ಸುಳ್ಳು ಅಂತ ನೀವೇ ಈಗ ಆದೇಶ ಬರೆದಿರಲ್ಲ!"

ಅಧ್ಯಕ್ಷರ ಮುಖ ಕೆಂಪಾಯಿತು, ಆದರೂ ದನಿ ಏರಿಸಲಿಲ್ಲ. ಇಸವಿಗೆ ವೈದ್ಯರ ವರದಿಯಿದೆ, ತಿಂಗಳಿಗೆ ಏನೂ ಇಲ್ಲ, ಸಿಸ್ಟಮ್ಮಿನಲ್ಲಿ ಇರುವುದನ್ನು ಆಧಾರವಿಲ್ಲದೆ ಬದಲಿಸಲು ತಮಗೆ ಅಧಿಕಾರವಿಲ್ಲ ಎಂದರು. ಆಮೇಲೆ, "ಒಂದು ವರ್ಷ ಸಿಕ್ಕಿತಲ್ಲ, ಹೋಗಿ" ಎಂದರು. ಹುಡುಗಿ ನನ್ನ ಪಕ್ಕದಲ್ಲಿ ನಿಂತು ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡಳು. ಲೋಕಲ್‌ನಲ್ಲಿ ಮರಳುವಾಗ ಬೆರಳು ಮಡಚುತ್ತಾ ಏನೋ ಲೆಕ್ಕ ಹಾಕುತ್ತಿದ್ದಳು.

ಅಕ್ಕಾರಿಗೆ ಬಾಲಗೃಹ ನಡೆಸುವ ಟ್ರಸ್ಟಿನವರು ಮೊದಲು ನೋಟಿಸು ಕೊಟ್ಟರು, ಆಮೇಲೆ ಮಕ್ಕಳ ಜವಾಬ್ದಾರಿಯಿಂದ ಬಿಡಿಸಿ ಟ್ರಸ್ಟಿನ ಆಫೀಸಿನಲ್ಲಿ ಸೀರೆ, ಬ್ಲಾಂಕೆಟ್ಟುಗಳ ದಾನ ಎಣಿಸುವ ಕೆಲಸಕ್ಕೆ ಹಾಕಿದರು. ಉಳಿದ ಹುಡುಗಿಯರ ತಾರೀಖುಗಳನ್ನು ಯಾರೂ ಕೆದಕಲಿಲ್ಲ, ಅದೊಂದು ಸಮಾಧಾನ. ಹೊರಡುವ ದಿನ ಹುಡುಗಿಯರು ಅಕ್ಕಾರನ್ನು ಬಿಡದೆ ಮುತ್ತಿಕೊಂಡಿದ್ದರು. ನನ್ನನ್ನು ಕಂಡು, "ಅಳಬ್ಯಾಡ ಮಾರಾಯ್ತಿ, ನಾ ಏನ್ ಸತ್ತೇನೇನು?" ಎಂದರು. ಅತ್ತದ್ದು ಅವರೇ. ನಾನು ಅವರ ಚೀಲ ಹಿಡಿದು ಗೇಟಿನವರೆಗೆ ಹೋದೆ.

ಹೊಸ ಆದೇಶದ ಪ್ರತಿಯನ್ನು ದೆಹಲಿಗೆ ಕಳಿಸಿದೆ. ತಿಂಗಳುಗಳ ನಂತರ ಅಲ್ಲಿಂದ ಒಬ್ಬಳು ಫೋನ್ ಮಾಡಿದಳು, ಸೌಮ್ಯವಾಗಿಯೇ ಮಾತಾಡಿದಳು. ಮೊದಲ ಅರ್ಜಿಯಲ್ಲಿ ಒಂದು ಇಸವಿಯಿದೆ, ಈಗ ಇನ್ನೊಂದು. ಹುಡುಗಿ ಹೇಳುವ ವಯಸ್ಸು ಎರಡಕ್ಕೂ ಹೊಂದುವುದಿಲ್ಲ. ಹೀಗಿದ್ದಾಗ ಹೇಳಿಕೆಯನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆ ಬರುತ್ತದೆ, ಅದಕ್ಕೆ ಪ್ರತ್ಯೇಕ ಪರಿಶೀಲನೆ ಆಗಬೇಕು, ಸಮಯ ಹಿಡಿಯುತ್ತದೆ. ನಾನು ಅರ್ಧ ಗಂಟೆ ವಿವರಿಸಿದೆ. ಅವಳು ತಾಳ್ಮೆಯಿಂದ ಕೇಳಿದಳು, ಬರೆದು ಕಳಿಸಿ ಎಂದಳು. ಬರೆದು ಕಳಿಸಿದೆ. ನಮ್ಮ ಹುಡುಗಿ ಹೇಳಿದ ಮಾತನ್ನು ಯಾವತ್ತೂ ಬದಲಿಸಿರಲಿಲ್ಲ, ಬದಲಿಸಿದ್ದೆಲ್ಲ ನಾವು. ನಂಬಿಕೆ ಕಳೆದುಕೊಂಡವಳು ಮಾತ್ರ ಅವಳು. ನಾನು ಯಾವ ತಾರೀಖು ಗೆದ್ದು ತಂದೆನೋ ಅದೇ ಅವಳ ಕಾರ್ಡಿಗೆ ಅಡ್ಡ ನಿಂತಿತು.

ಆ ವರ್ಷ ಹೇಗೆ ಕಳೆಯಿತೋ. ಮಳೆ ಹೋಯಿತು, ಚಳಿ ಬಂತು. ಚಳಿ ಎಂದರೆ ಮುಂಬೈಯದ್ದು, ಫ್ಯಾನು ಒಂದು ಪಾಯಿಂಟು ಇಳಿಸುವಷ್ಟು. ಡಿಸೆಂಬರಿನ ಒಂದು ದಿನ ಗೃಹಕ್ಕೆ ಹೋದಾಗ ಅವಳು ತಂಗಿಗೆ ಹೇಳಿಕೊಡುತ್ತಿದ್ದಳು, "ಈಗ ಅಕ್ಕನ ನಿಜವಾದ ಜನ್ಮದಿನ." ಹತ್ತನೆಯದನ್ನು ಪಾಸು ಮಾಡಿದ್ದ ಹುಡುಗಿಗೆ ಮುಂದೆ ಕಾಲೇಜಿಗೆ ಸೇರಲು ಯಾವ ಗುರುತಿನ ಚೀಟಿಯೂ ಇರಲಿಲ್ಲ. ಗೃಹದಲ್ಲೇ ಚಿಕ್ಕವರಿಗೆ ಪಾಠ ಹೇಳುತ್ತಿದ್ದಳು. ಫೆಬ್ರವರಿಯಲ್ಲಿ ದೆಹಲಿಗೆ ಮತ್ತೆ ಬರೆದೆ. ಮಾರ್ಚಿನಲ್ಲಿ ಫೋನ್ ಮಾಡಿದೆ, ಪರಿಶೀಲನೆಯಲ್ಲಿದೆ ಎಂದರು. ಏಪ್ರಿಲ್‌ನಲ್ಲಿ ಮತ್ತದೇ ಪತ್ರ: ಹದಿನೆಂಟು ತುಂಬುವವರು ಯಾರು ಯಾರು? ಈ ಸಲ ವಯಸ್ಸಿನ ಬಗ್ಗೆ ವಾದಿಸಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಕೆಲಸ ಕಲಿಸುವ ಹಾಸ್ಟೆಲ್ಲಿಗೆ ಅರ್ಜಿ ಕೊಟ್ಟೆ, ವಿದೇಶಿಯರಿಗೆ ಅವಕಾಶವಿಲ್ಲ ಎಂದು ವಾಪಸು ಬಂತು. ಪೊಲೀಸು ಅಧಿಕಾರಿಯನ್ನು ಕಂಡು ಕೈ ಮುಗಿದೆ. ಲಾಕಪ್ಪಿಗೆ ಬೇಡ, ಹೆಂಗಸರ ಶೆಲ್ಟರಿನಲ್ಲಿ ಕಾವಲಿನಲ್ಲಿಡುತ್ತೇವೆ, ಹೊರಗೆ ಹೋಗುವಂತಿಲ್ಲ, ಮುಂದಿನದು ಮೇಲಿನವರ ತೀರ್ಮಾನ ಎಂದರು. ತಂಗಿ ವಾರಕ್ಕೊಮ್ಮೆ ಬಂದು ನೋಡಬಹುದೇ ಎಂದೆ. ಅದಕ್ಕೆ ಬೇರೆ ಅರ್ಜಿ ಹಾಕಿ ಎಂದರು. ಹಾಕಿದ್ದೇನೆ. ಉತ್ತರ ಬಂದಿಲ್ಲ.

ಮೇ ತಿಂಗಳ ಕೊನೆಗೆ ಅವಳನ್ನು ನೋಡಲು ಹೋದೆ. ಬ್ಯಾಗು ಕಟ್ಟಿಟ್ಟಿದ್ದಳು, ಬಟ್ಟೆಯ ಮೇಲೆ ಹತ್ತನೆಯ ತರಗತಿಯ ಅಂಕಪಟ್ಟಿ. ಹೊಸ ಸೂಪರಿಂಟೆಂಡೆಂಟ್ ಚುರುಕಿನ ಹುಡುಗಿ, ಎಲ್ಲ ಆನ್‌ಲೈನ್. ಸಣ್ಣವಳನ್ನು ಜೂನ್‌ನಲ್ಲಿ ಒಂದನೆಯ ತರಗತಿಗೆ ಸೇರಿಸಬೇಕಿತ್ತು. ಬಂದದ್ದು ಒಳ್ಳೆಯದಾಯಿತು, ನಿಮಗೆ ಈ ಮಕ್ಕಳ ವಿಷಯ ಗೊತ್ತು, ಶಾಲೆಯ ಅರ್ಜಿ ನೀವೇ ಭರ್ತಿ ಮಾಡಿ ಎಂದು ಕಂಪ್ಯೂಟರಿನ ಮುಂದೆ ನನ್ನನ್ನೇ ಕೂರಿಸಿ ಒಳಗೆ ಹೋದಳು. ಅಕ್ಕ ತಂಗಿ ಇಬ್ಬರೂ ನನ್ನ ಕುರ್ಚಿಯ ಹಿಂದೆ ನಿಂತರು. ಹೆಸರು ತುಂಬಿದೆ. ಲಿಂಗ ತುಂಬಿದೆ. ಹುಟ್ಟಿದ ದಿನಾಂಕದ ಜಾಗಕ್ಕೆ ಬಂದು ಬಿಟ್ಟು ಮುಂದೆ ಹೋಗಲು ನೋಡಿದೆ, ಕೆಂಪು ಗೆರೆ ಬಂತು. ಮತ್ತೆ ಒತ್ತಿದೆ, ಮತ್ತೆ ಕೆಂಪು. ಪಕ್ಕದಲ್ಲಿ ಸೂಚನೆಯಿತ್ತು, ಈ ಡಿಸೆಂಬರ್ ಮೂವತ್ತೊಂದಕ್ಕೆ ಆರು ವರ್ಷ ತುಂಬುವ ಮಗುವಿರಬೇಕು ಎಂದು.

"ಇವಳು ಹುಟ್ಟಿದ್ದು ಯಾವಾಗ, ನಿನಗೆ ನೆನಪಿದೆಯಾ?" ಎಂದು ದೊಡ್ಡವಳನ್ನು ಕೇಳಿದೆ. ಈ ಒಂದು ಮಗುವಿನದಾದರೂ ನಿಜವಾದದ್ದು ಬರೆಯೋಣ ಎಂಬ ಹಟ ನನಗೆ.

"ನೆನಪಿದೆ, ದೀದಿ. ನೀರು ಕಾಯಿಸಿಕೊಟ್ಟಿದ್ದು ನಾನೇ. ಆಗಷ್ಟೇ ಮಳೆ ಶುರುವಾಗಿತ್ತು, ಸೌದೆ ಒದ್ದೆಯಾಗಿ ಹೊತ್ತುತ್ತಿರಲಿಲ್ಲ."

ಮಳೆ ಶುರುವಾದಾಗ. ಎಂದರೆ ಜೂನ್. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅಕ್ಕಾರ ತಾರೀಖು ಒಂದು ಮಗುವಿಗೆ ಹೆಚ್ಚುಕಡಿಮೆ ನಿಜವಾಗಿ ಒಪ್ಪುತ್ತಿತ್ತು. ನಾನು ಜೂನ್ ಎಂದು ಒತ್ತಲು ಹೋದೆ. ದೊಡ್ಡವಳು ಹಿಂದಿನಿಂದ ಬಾಗಿ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಜೂನ್ ಬೇಡ, ದೀದಿ. ಡಿಸೆಂಬರ್ ಬರಿ. ಕೊನೇ ದಿನ ಬರಿ."

"ಮಳೆಗಾಲ ಅಂದೆಯಲ್ಲ?"

"ಅಂದೆ. ಅದು ನಿನಗೆ ಹೇಳಿದ್ದು. ಇದರಲ್ಲಿ ಡಿಸೆಂಬರ್ ಬರಿ." ಅವಳ ದನಿ ಗಟ್ಟಿಯಾಗಿತ್ತು. "ಏಳು ತಿಂಗಳು ಜಾಸ್ತಿ ಮಗುವಾಗಿರುತ್ತಾಳೆ."

ಸಣ್ಣವಳಿಗೆ ಅರ್ಥವಾದದ್ದು ಒಂದೇ. "ಹಾಗಾದರೆ ನನಗೆ ಕೇಕ್ ಇಲ್ವಾ?" ಎಂದು ಮುಖ ಸಣ್ಣದು ಮಾಡಿದಳು. ಎಲ್ಲರ ಕೇಕು ಜೂನ್ ಒಂದಕ್ಕೆ ಬರುತ್ತದೆ, ಡಿಸೆಂಬರ್‌ನಲ್ಲಿ ಯಾರು ತರುತ್ತಾರೆ?

"ದೀದಿ ತರುತ್ತಾಳೆ," ಎಂದಳು ದೊಡ್ಡವಳು. ನನ್ನನ್ನು ಕೇಳಿರಲಿಲ್ಲ.

ಆಧಾರವಿಲ್ಲದ ತಾರೀಖು ಬರೆಯುವುದು ತಪ್ಪು ಎಂದು ಅಕ್ಕಾರಿಂದ ಪ್ರಮಾಣ ಮಾಡಿಸಿದವಳು ನಾನು. ಡಿಸೆಂಬರ್ ಮೂವತ್ತೊಂದು ಎಂದು ಒತ್ತಿದೆ. ಕಂಪ್ಯೂಟರು ಒಂದು ಪ್ರಶ್ನೆಯನ್ನೂ ಕೇಳದೆ ಒಪ್ಪಿಕೊಂಡಿತು.